ನಾಕಾ 0012: ಎಕ್ಸ್‌ಫಾಯಿಲ್ ಒಂದು ಹೇಳುತ್ತದೆ, ವಿಂಡ್ ಟನಲ್ ಇನ್ನೊಂದು. ಯಾವುದನ್ನು ನಂಬಲಿ?

ರೆಕ್ಕೆ_ಹುಳ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಕೊನೇ ವರ್ಷ ಓದುತ್ತಿದ್ದೇನೆ. ಸುಲಭ ಅಂದುಕೊಂಡು ಒಂದು ಪ್ರಾಜೆಕ್ಟ್ ಹಿಡಿದೆವು. ನಾಕಾ 0012 ಅನ್ನುವ ಏರ್‌ಫಾಯಿಲ್ (ರೆಕ್ಕೆಯ ಆಕಾರ) ತಗೊಂಡು ಕಂಪ್ಯೂಟರಿನಲ್ಲಿ ಎಕ್ಸ್‌ಫಾಯಿಲ್, ಫ್ಲೂಯೆಂಟ್ ಅನ್ನುವ ಎರಡು ಪ್ರೋಗ್ರಾಮ್ ಹಾಕಿ ಲೆಕ್ಕ ಮಾಡುವುದು, ಅದನ್ನೇ ವಿಂಡ್ ಟನಲ್ಲಿನಲ್ಲಿ (ಮಾದರಿಯ ಮೇಲೆ ಗಾಳಿ ಹಾಯಿಸುವ ಸುರಂಗ) ಅಳೆಯುವುದು, ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ ಮಾರ್ಕ್ಸ್ ತಗೊಂಡು ಮನೆಗೆ ಹೋಗುವುದು. ಈಗ ನೋಡಿದರೆ ಮೂರು ಗೆರೆ ಮೂರು ದಿಕ್ಕಿಗೆ ಹೋಗಿವೆ.

ವಿವರ ಹೀಗಿದೆ. ಟೆಸ್ಟ್ ಸೆಕ್ಷನ್ 30 x 30 ಸೆಂ.ಮೀ. ಹಿಂದಿನ ತುದಿಯಲ್ಲಿ ಫ್ಯಾನ್, ಗಾಳಿ ಎಳೆಯುವ ಬಗೆಯದು. ರೆಕ್ಕೆ 3ಡಿ ಪ್ರಿಂಟ್ ಮಾಡಿದ್ದು. ಕಾರ್ಡ್ (ಮೂತಿಯಿಂದ ಹಿಂದಿನ ತುದಿಯ ತನಕದ ಅಗಲ) 10 ಸೆಂ.ಮೀ., ಉದ್ದ 29 ಸೆಂ.ಮೀ. ವೇಗ 15 ಮೀ/ಸೆ. ಕೈಯಲ್ಲಿ ಹಿಡಿಯುತ್ತಾರಲ್ಲ, ಸಣ್ಣ ಚಕ್ರ ತಿರುಗುವ ಅನೆಮೋಮೀಟರ್, ಅದರಲ್ಲಿ ಅಳೆದದ್ದು. ಟನಲ್ ಜೊತೆ ಬಂದಿದ್ದ, ಬಲ ತೂಗುವ ಬ್ಯಾಲೆನ್ಸಿನ ಮುಳ್ಳು ಯಾವ ಕಾಲದಲ್ಲೋ ಸಿಕ್ಕಿಹಾಕಿಕೊಂಡಿದೆ. ಹಾಗಾಗಿ ಲೋಡ್ ಸೆಲ್ (ಬಲ ಅಳೆಯುವ ಸೆನ್ಸರ್), ಆರ್ಡುಯಿನೊ ಬೋರ್ಡ್ ಹಾಕಿ ನಾವೇ ಒಂದು ಮಾಡಿಕೊಂಡೆವು. ನೆಲದಿಂದ ಮೇಲೆದ್ದ 8 ಮಿ.ಮೀ. ಕಡ್ಡಿಯ ಮೇಲೆ ರೆಕ್ಕೆ ಕೂತಿದೆ.

ರೆಕ್ಕೆಯನ್ನು 6 ಡಿಗ್ರಿ ಓರೆ ಮಾಡಿದಾಗ ಲಿಫ್ಟ್ ಕೋಎಫಿಶಿಯಂಟ್ (ಎತ್ತುವ ಬಲವನ್ನು ಗಾಳಿಯ ಸಾಂದ್ರತೆ, ವೇಗ, ರೆಕ್ಕೆಯ ವಿಸ್ತೀರ್ಣದ ಲೆಕ್ಕದಿಂದ ಭಾಗಿಸಿದ ಸಂಖ್ಯೆ): ಎಕ್ಸ್‌ಫಾಯಿಲ್ 0.65, ಫ್ಲೂಯೆಂಟ್ 0.64, ಟನಲ್ 0.38. ಡ್ರ್ಯಾಗ್ (ಹಿಂದಕ್ಕೆ ಎಳೆಯುವ ಬಲ) ಕೇಳಲೇಬೇಡಿ, ಎಕ್ಸ್‌ಫಾಯಿಲಿನ ಎರಡೂವರೆ ಪಟ್ಟು ಬರುತ್ತಿದೆ. ಸ್ಟಾಲ್ (ಗಾಳಿ ರೆಕ್ಕೆಯ ಮೈ ಬಿಟ್ಟು ಲಿಫ್ಟ್ ಕುಸಿಯುವುದು) ಟನಲ್ಲಿನಲ್ಲಿ 9 ಡಿಗ್ರಿಗೇ ಆಗುತ್ತದೆ, ಫ್ಲೂಯೆಂಟಿನಲ್ಲಿ 14 ದಾಟಿದರೂ ಗೆರೆ ಏರುತ್ತಲೇ ಇದೆ.

ಗೈಡ್ ಹೇಳಿದ್ದು: "ಟನಲ್ ಹಳೇದು. ರೀಡಿಂಗನ್ನು ಒಂದು ಫ್ಯಾಕ್ಟರ್‌ನಿಂದ ಗುಣಿಸಿ ಹೊಂದಿಸಿಬಿಡಿ." ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

ಸುಮ್ನೆ_ಓದೋನು

ಗುಣಿಸಿಬಿಡಿ ಗುರು, ಎಲ್ಲರೂ ಗುಣಿಸಿಯೇ ಪಾಸಾಗಿರೋದು.

ಬಾಲ್ಸಾ_ಬಸು

ಮೇಲಿನವರ ಮಾತು ಕೇಳಬೇಡಿ. 0.38 ಬಂದಿದ್ದಕ್ಕೆ ಕಾರಣ ಇದ್ದೇ ಇರುತ್ತದೆ. ಒಂದಲ್ಲ, ನಾಲ್ಕೈದು ಇರಬಹುದು.

ಮೊದಲ ಪ್ರಶ್ನೆ: ಗಾಳಿಯ ಸಾಂದ್ರತೆ ಎಷ್ಟು ಹಾಕಿದಿರಿ?

ರೆಕ್ಕೆ_ಹುಳ

1.225 ಸರ್. ಪುಸ್ತಕದಲ್ಲಿ ಇರೋದು ಅದೇ ಅಲ್ವಾ?

ಬಾಲ್ಸಾ_ಬಸು

ಅದು ಸಮುದ್ರ ಮಟ್ಟದಲ್ಲಿ, 15 ಡಿಗ್ರಿ ಚಳಿಯಲ್ಲಿ. ನೀವಿರೋದು ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ. ಅಲ್ಲಿ ವಾಯುಭಾರ 910 ಮಿಲಿಬಾರ್ ಆಸುಪಾಸು. ಲ್ಯಾಬಿನಲ್ಲಿ 25 ಡಿಗ್ರಿ ಅಂದುಕೊಂಡರೆ ಸಾಂದ್ರತೆ 1.06 ಬರುತ್ತದೆ. ಇಲ್ಲೇ ಶೇಕಡಾ 13 ಹೋಯಿತು. ಲೋಡ್ ಸೆಲ್ ಸರಿಯಾಗಿಯೇ ತೂಗಿದೆ, ನೀವು ಭಾಗಿಸಿದ ಸಂಖ್ಯೆ ದೊಡ್ಡದು. 0.38 ಅಲ್ಲ, 0.44.

ನಾನು ಮೈಸೂರಿನಲ್ಲಿ ಮಾಡೆಲ್ ವಿಮಾನ ಹಾರಿಸುವವನು. ಮಂಗಳೂರಿಗೆ ತಗೊಂಡು ಹೋದರೆ ಅದೇ ವಿಮಾನ ನೆಲ ಬಿಡೋದು ಬೇಗ. ಪುಸ್ತಕ ಓದಿ ಗೊತ್ತಾಗಿದ್ದಲ್ಲ, ಹಾರಿಸಿ ಗೊತ್ತಾಗಿದ್ದು.

ಕುಡ್ಲದ_ಕಾಗೆ

ನಮ್ಮ ಊರಿನ ಗಾಳಿ ಗಟ್ಟಿ ಅಂತ ಮೊದಲೇ ಹೇಳಿದ್ದೆ. ಮೀನಿನ ಸಾರಿನ ವಾಸನೆ ಸೇರಿ ಇನ್ನೂ ಗಟ್ಟಿ.

ಮೆಶ್_ಮಂಜ

ಸಾಂದ್ರತೆಯ ಮಾತು ಸರಿ. ಆದರೆ ಒಂದು ಷರತ್ತು. ಇವರು ಚಕ್ರದ ಅನೆಮೋಮೀಟರಿನಲ್ಲಿ ವೇಗ ಅಳೆದು, ಆಮೇಲೆ ಅರ್ಧ ಗುಣಿಸು ಸಾಂದ್ರತೆ ಗುಣಿಸು ವೇಗದ ವರ್ಗ ಅಂತ ಲೆಕ್ಕ ಹಾಕಿದ್ದಾರೆ. ಅದಕ್ಕೇ ತಪ್ಪು ಬಂತು. ಪಿಟೋ ಟ್ಯೂಬ್ (ಗಾಳಿಗೆ ಬಾಯಿ ಒಡ್ಡಿದ ಸಣ್ಣ ಕೊಳವೆ) ಹಾಕಿದ್ದರೆ ಡೈನಾಮಿಕ್ ಪ್ರೆಶರ್, ಅಂದರೆ ಆ ಗುಣಾಕಾರದ ಉತ್ತರವೇ, ನೇರವಾಗಿ ಸಿಗುತ್ತಿತ್ತು. ಸಾಂದ್ರತೆ ಏನೇ ಇರಲಿ, ಕೋಎಫಿಶಿಯಂಟ್ ಮಟ್ಟಿಗೆ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ.

15 ಮೀ/ಸೆ ವೇಗಕ್ಕೆ ನಿಮ್ಮೂರಿನಲ್ಲಿ 120 ಪಾಸ್ಕಲ್. ನೀರಿನ ಕಂಬದಲ್ಲಿ ಬರೀ 12 ಮಿ.ಮೀ. ನೆಟ್ಟಗೆ ನಿಲ್ಲಿಸಿದ ಯು ಟ್ಯೂಬಿನಲ್ಲಿ ಓದುವುದು ಕಷ್ಟ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪು ತಗೊಳ್ಳಿ, ಒಂದಕ್ಕೆ ಐದರ ಇಳಿಜಾರಿನಲ್ಲಿ ಹಲಗೆಗೆ ಕಟ್ಟಿ. 12 ಇದ್ದದ್ದು 60 ಮಿ.ಮೀ. ಆಗುತ್ತದೆ. ನೀರಿಗೆ ಎರಡು ಹನಿ ಶಾಯಿ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಇಲ್ಲದಿದ್ದರೆ ನೀರು ಪೈಪಿನ ಗೋಡೆಗೆ ಅಂಟಿ ಸತಾಯಿಸುತ್ತದೆ.

ಇನ್ನೊಂದು ಅನುಮಾನ. ಫ್ಲೂಯೆಂಟಿನಲ್ಲಿ ಕಾರ್ಡ್ ಎಷ್ಟು ಇಟ್ಟಿದ್ದೀರಿ? ಸತ್ಯ ಹೇಳಿ.

ರೆಕ್ಕೆ_ಹುಳ

ವಿಡಿಯೊ ನೋಡಿಕೊಂಡು ಮಾಡಿದ್ದು ಸರ್... ಅಲ್ಲಿ ಕೋಆರ್ಡಿನೇಟ್ ಫೈಲ್ ಹಾಗೇ ಇಂಪೋರ್ಟ್ ಮಾಡಿದ್ದರು. 0ಯಿಂದ 1ರವರೆಗೆ.

ಮೆಶ್_ಮಂಜ

ಅಂದರೆ 1 ಮೀಟರ್ ಕಾರ್ಡ್. ಅದೇ 15 ಮೀ/ಸೆ ವೇಗ. ರೆನಾಲ್ಡ್ಸ್ ನಂಬರ್ (ವೇಗ, ಅಳತೆ, ಗಾಳಿಯ ಸಾಂದ್ರತೆ, ಅಂಟುತನ ಎಲ್ಲಾ ಸೇರಿ ಹರಿವಿನ ಬಗೆ ಹೇಳುವ ಸಂಖ್ಯೆ) 10 ಲಕ್ಷ ಆಯಿತು. ನಿಮ್ಮ ಟನಲ್ಲಿನದು 87 ಸಾವಿರ. ನೀವು ಹೋಲಿಸುತ್ತಿರೋದು ಆನೆಯನ್ನೂ ಆಡಿನ ಮರಿಯನ್ನೂ.

ಇದು ಸಣ್ಣ ವಿಷಯ ಅಲ್ಲ. 10 ಲಕ್ಷದಲ್ಲಿ ರೆಕ್ಕೆಯ ಮೇಲಿನ ಬೌಂಡರಿ ಲೇಯರ್ (ಮೈಗೆ ತಾಗಿದ ಗಾಳಿಯ ತೆಳು ಪದರ) ಬೇಗ ಟರ್ಬ್ಯುಲೆಂಟ್ (ಕದಡಿದ ಹರಿವು) ಆಗಿ, ಮೈಗೆ ಅಂಟಿಕೊಂಡು ಹಿಂದಿನ ತುದಿಯ ತನಕ ಸಾಗುತ್ತದೆ. 87 ಸಾವಿರದಲ್ಲಿ ಅದು ಲ್ಯಾಮಿನಾರ್ (ಕದಡದ, ಪದರ ಪದರದ ಹರಿವು) ಆಗಿಯೇ ಮುಂದೆ ಹೋಗಿ, ಒತ್ತಡ ಏರುವ ಜಾಗದಲ್ಲಿ ಮೈ ಬಿಟ್ಟು ಎದ್ದು, ಆಮೇಲೆ ಟರ್ಬ್ಯುಲೆಂಟ್ ಆಗಿ ಮತ್ತೆ ಬಂದು ಅಂಟುತ್ತದೆ. ನಡುವೆ ಒಂದು ಗುಳ್ಳೆ. ಮುಕ್ಕಾಲು ಕಥೆ ಆ ಗುಳ್ಳೆಯದೇ.

ನೀವು ಬಹುಶಃ ಫ್ಲೂಯೆಂಟಿನಲ್ಲಿ ಕೆ-ಒಮೆಗಾ ಎಸ್‌ಎಸ್‌ಟಿ ಅನ್ನುವ ಟರ್ಬ್ಯುಲೆನ್ಸ್ ಮಾಡೆಲ್ ಹಾಕಿದ್ದೀರಿ. ಅದು ಮೂತಿಯಿಂದಲೇ ಎಲ್ಲಾ ಟರ್ಬ್ಯುಲೆಂಟ್ ಅಂದುಕೊಂಡು ಲೆಕ್ಕ ಮಾಡುತ್ತದೆ. ಅದರ ಲೆಕ್ಕದಲ್ಲಿ ಗುಳ್ಳೆಯೇ ಇಲ್ಲ. ಅದಕ್ಕೇ 14 ಡಿಗ್ರಿ ದಾಟಿದರೂ ಏರುತ್ತಿದೆ. ಟ್ರಾನ್ಸಿಶನ್ (ಲ್ಯಾಮಿನಾರ್ ಹೋಗಿ ಟರ್ಬ್ಯುಲೆಂಟ್ ಆಗುವುದು) ಕೂಡ ಲೆಕ್ಕ ಹಾಕುವ ಟ್ರಾನ್ಸಿಶನ್ ಎಸ್‌ಎಸ್‌ಟಿ ಹಾಕಿ. ಗೋಡೆಯ ಹತ್ತಿರದ ಮೊದಲ ಸೆಲ್‌ನ (ಲೆಕ್ಕದ ಜಾಲದ ಒಂದು ಕಣ್ಣು) ವೈ ಪ್ಲಸ್, ಅಂದರೆ ಗೋಡೆಯಿಂದ ಅದರ ದೂರದ ಅಳತೆ, 1ರ ಆಸುಪಾಸು ಇರಲಿ. ಹೊರಗಿನ ಗಡಿ ಐದು ಕಾರ್ಡ್ ದೂರದಲ್ಲಿದ್ದರೆ ಸಾಲದು, ದೂರ ತಳ್ಳಿ.

ಸುಮ್ನೆ_ಓದೋನು

ಒಂದು ದಡ್ಡ ಪ್ರಶ್ನೆ. ಮೇಲಿನ ಗಾಳಿ ಜಾಸ್ತಿ ದೂರ ಹೋಗಬೇಕು, ಕೆಳಗಿನ ಗಾಳಿಯನ್ನು ಹಿಂದಿನ ತುದಿಯಲ್ಲಿ ಸೇರಬೇಕು, ಅದಕ್ಕೆ ಓಡುತ್ತದೆ, ಅದಕ್ಕೆ ಒತ್ತಡ ಕಡಿಮೆ, ಅದಕ್ಕೆ ಲಿಫ್ಟ್. ಹೈಸ್ಕೂಲಿನಲ್ಲಿ ಹೇಳಿಕೊಟ್ಟಿದ್ದು ಇಷ್ಟೇ. ಇದರಲ್ಲಿ ಗುಳ್ಳೆ ಎಲ್ಲಿಂದ ಬಂತು?

ಹಳೇ_ಮೇಷ್ಟ್ರು

ಅಯ್ಯೋ, ಇದನ್ನು ಇನ್ನೂ ಹೇಳಿಕೊಡುತ್ತಿದ್ದಾರಾ! ತಮ್ಮಾ, ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ಹಿಂದಿನ ತುದಿಯಲ್ಲಿ ಸೇರೋಣ ಅಂತ ಯಾವ ಒಪ್ಪಂದವೂ ಆಗಿಲ್ಲ. ಹೊಗೆಯನ್ನು ತುಂಡು ತುಂಡಾಗಿ ಬಿಟ್ಟು ನೋಡಿದರೆ ಮೇಲಿನ ತುಂಡು ಮೊದಲೇ ತಲುಪಿಬಿಡುತ್ತದೆ, ಕೆಳಗಿನದು ಹಿಂದೆ ಉಳಿಯುತ್ತದೆ. ಇವರ ನಾಕಾ 0012 ಅಂತೂ ಮೇಲೆ ಕೆಳಗೆ ಒಂದೇ ಆಕಾರ. ನಿಮ್ಮ ಹೈಸ್ಕೂಲ್ ಲೆಕ್ಕದಲ್ಲಿ ಅದು ಹಾರಲೇಬಾರದು. ಸ್ವಲ್ಪ ಓರೆ ಮಾಡಿದರೆ ಚೆನ್ನಾಗಿಯೇ ಹಾರುತ್ತದೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ನೂಕುತ್ತದೆ. ಸದ್ಯಕ್ಕೆ ಅಷ್ಟು ಸಾಕು.

ಈಗ ಹುಡುಗನ ವಿಷಯಕ್ಕೆ ಬರುತ್ತೇನೆ. ನಾನು ವಿಂಡ್ ಟನಲ್ ಲ್ಯಾಬಿನಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಪ್ರಯೋಗ ಮಾಡಿಸಿದವನು. 30 ಸೆಂ.ಮೀ. ಅಗಲಕ್ಕೆ 29 ಸೆಂ.ಮೀ. ರೆಕ್ಕೆ ಅಂದರೆ ಎರಡೂ ಬದಿಗೆ 5 ಮಿ.ಮೀ. ಸಂದು. ಕೆಳಗಿನ ಹೆಚ್ಚಿನ ಒತ್ತಡದ ಗಾಳಿ ಆ ಸಂದಿನಲ್ಲಿ ನುಗ್ಗಿ ಮೇಲಕ್ಕೆ ಹೋಗುತ್ತದೆ. ನೀವು 2ಡಿ (ರೆಕ್ಕೆಯ ಉದ್ದಕ್ಕೂ ಒಂದೇ ಬಗೆಯ ಹರಿವು) ಅಂದುಕೊಂಡದ್ದು 2ಡಿಯಾಗಿ ಉಳಿದಿಲ್ಲ. ಸಂದು ಇನ್ನೂ ದೊಡ್ಡದಾಗಿ, ತುದಿಗಳು ಪೂರ್ತಿ ಬಿಡುಬೀಸಾಗಿದ್ದರೆ, ಉದ್ದ ಅಗಲ 3ಕ್ಕೆ 1 ಇರುವ ರೆಕ್ಕೆಯಲ್ಲಿ ಲಿಫ್ಟಿನ ಏರಿಕೆ 2ಡಿ ಲೆಕ್ಕದ ಶೇಕಡಾ 60ಕ್ಕೆ ಇಳಿದುಬಿಡುತ್ತದೆ. ನಿಮ್ಮದು ಎರಡರ ನಡುವೆ ಎಲ್ಲೋ ಇದೆ.

ಬಾಲ್ಸಾ_ಬಸು

ಸಂದಿಗೆ ಸ್ಪಾಂಜ್ ತುರುಕಿಬಿಡಿ. ಮುಗೀತು.

ಹಳೇ_ಮೇಷ್ಟ್ರು

ಬಸು ಅವರೇ, ಮುಗಿಯುವುದು ಪ್ರಯೋಗವೇ! ಸ್ಪಾಂಜ್ ಗೋಡೆಯನ್ನೂ ರೆಕ್ಕೆಯನ್ನೂ ಮುಟ್ಟಿದರೆ ಅರ್ಧ ಭಾರ ಗೋಡೆಗೆ ಹೋಗುತ್ತದೆ. ಲೋಡ್ ಸೆಲ್ ಏನು ತೋರಿಸುತ್ತದೆ ಅಂತ ದೇವರಿಗೇ ಗೊತ್ತು. ಮುಟ್ಟಲೂಬಾರದು, ಸಂದೂ ಇರಬಾರದು. ತುದಿಗೆ ಇನ್ನೊಂದು ತುಂಡು ಪ್ರಿಂಟ್ ಮಾಡಿ ಅಂಟಿಸಿ. ಒಂದು ವಿಸಿಟಿಂಗ್ ಕಾರ್ಡ್ ಸಲೀಸಾಗಿ ಆಡುವಷ್ಟು ಸಂದು ಉಳಿಯಲಿ, ಅಷ್ಟೇ.

ಸತೀಶ್ ಧವನ್ ಅವರು 1951ರಲ್ಲಿ ಕ್ಯಾಲ್‌ಟೆಕ್‌ನಲ್ಲಿ ಪಿಎಚ್‌ಡಿ ಮುಗಿಸಿದ್ದು ಇಂಥದ್ದೇ ತಲೆನೋವಿನ ಕೆಲಸದಲ್ಲಿ. ಗಾಳಿ ಮೈ ಉಜ್ಜುವ ಬಲವನ್ನು ನೇರವಾಗಿ ಅಳೆಯಬೇಕು. ಹಾಳೆಯಲ್ಲಿ ಒಂದು ಸಣ್ಣ ತುಂಡನ್ನು ಬೇರ್ಪಡಿಸಿ ತೇಲಿಬಿಟ್ಟು, ಅದು ಎಷ್ಟು ಸರಿಯುತ್ತದೆ ಅಂತ ನೋಡಬೇಕು. ಸುತ್ತಲಿನ ಬಿರುಕು ದೊಡ್ಡದಾದರೆ ಗಾಳಿ ಕೆಡುತ್ತದೆ, ತುಂಡು ಅಂಚಿಗೆ ತಾಗಿದರೆ ಅಳತೆ ಸತ್ತಿತು. ಅವರು ಅದೇ ವರ್ಷ ಇಲ್ಲಿನ ಐಐಎಸ್‌ಸಿಗೆ ಬಂದರು. ಇಸ್ರೋ ಅಧ್ಯಕ್ಷರು ಅಂತ ಮಾತ್ರ ಜನಕ್ಕೆ ಗೊತ್ತು.

ಪಾಳ್ಯದ_ಪಿಜಿ

ಸ್ವಲ್ಪ ಆಫ್ ಟಾಪಿಕ್. ನಾನು ಮುರುಗೇಶ್‌ಪಾಳ್ಯದ ವಿಂಡ್ ಟನಲ್ ರೋಡಿನಲ್ಲಿ ಎರಡು ವರ್ಷದಿಂದ ಇದ್ದೇನೆ. ಇಲ್ಲಿ ಗಾಳಿ ಜಾಸ್ತಿ ಬೀಸುತ್ತೆ, ಅದಕ್ಕೆ ಆ ಹೆಸರು ಅಂದುಕೊಂಡಿದ್ದೆ. ನಿಜವಾಗಲೂ ಟನಲ್ ಇದೆಯಾ?

ಹಳೇ_ಮೇಷ್ಟ್ರು

ಇದೆ ಮಾರಾಯ! ಎನ್‌ಎಎಲ್‌ನ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ಬೇಲೂರು ಕ್ಯಾಂಪಸ್ ಅಲ್ಲೇ ಇರೋದು. 1.2 ಮೀಟರಿನ ಟ್ರೈಸಾನಿಕ್ ಟನಲ್ (ಶಬ್ದದ ವೇಗಕ್ಕಿಂತ ಕಡಿಮೆ, ಅದರ ಆಸುಪಾಸು, ಅದಕ್ಕಿಂತ ಜಾಸ್ತಿ, ಮೂರಕ್ಕೂ ಆಗುವಂಥದ್ದು), 1967ರಿಂದ ಇದೆ. ಟ್ಯಾಂಕುಗಳಲ್ಲಿ ಗಾಳಿ ಒತ್ತಿ ತುಂಬಿಸಿ ಒಮ್ಮೆಗೇ ಬಿಡುವುದು. ಓಟ ಕೆಲವೇ ಸೆಕೆಂಡು, ಅಷ್ಟರಲ್ಲಿ ಎಲ್ಲಾ ಅಳೆಯಬೇಕು. ತೇಜಸ್ ಮಾದರಿಯೂ ಅಲ್ಲಿ ಗಾಳಿ ಕುಡಿದಿದೆ, ಇಸ್ರೋ ರಾಕೆಟ್ಟುಗಳ ಮಾದರಿಯೂ ಕುಡಿದಿವೆ.

ಪಾಳ್ಯದ_ಪಿಜಿ

ರೋಡಿನಲ್ಲಿ ಟ್ರಾಫಿಕ್ ಮಾತ್ರ ಸಬ್‌ಸಾನಿಕ್.

ನೆಕ್ಕರ್_ದಂಡೆ

ಸ್ಟಟ್‌ಗಾರ್ಟಿನಿಂದ ಬರೆಯುತ್ತಿದ್ದೇನೆ, ಊರು ಹಾಸನ. ಮೂರು ಮಾತು.

ಒಂದು, ಗೋಡೆ. ನಿಮ್ಮ ಕಾರ್ಡ್ ಟನಲ್ ಎತ್ತರದ ಮೂರನೇ ಒಂದು ಭಾಗ. ಇಷ್ಟು ದೊಡ್ಡ ಮಾದರಿ ಇಟ್ಟಾಗ ಮೇಲಿನ ಕೆಳಗಿನ ಗೋಡೆಗಳು ಗಾಳಿಯನ್ನು ಬಾಗಲು ಬಿಡುವುದಿಲ್ಲ, ಹಿಂಡುತ್ತವೆ. ಅದರಿಂದ ಲಿಫ್ಟ್ ಕಡಿಮೆ ಅಲ್ಲ, ಸ್ವಲ್ಪ ಜಾಸ್ತಿಯೇ ಕಾಣಬೇಕು. ಶೇಕಡಾ 3ರಷ್ಟು ಅಂತಿಟ್ಟುಕೊಳ್ಳಿ. ಅಂದರೆ ನಿಮ್ಮ ಕೊರತೆ ನೀವು ಅಂದುಕೊಂಡದ್ದಕ್ಕಿಂತ ದೊಡ್ಡದು. ಬೇಜಾರು ಮಾಡಿಕೊಳ್ಳಬೇಡಿ.

ಎರಡು, ಎಕ್ಸ್‌ಫಾಯಿಲಿನಲ್ಲಿ ಎನ್‌ಕ್ರಿಟ್ ಎಷ್ಟಿದೆ? ಮುಟ್ಟದೆ ಬಿಟ್ಟಿದ್ದರೆ 9. ಎಂಐಟಿಯ ಮಾರ್ಕ್ ಡ್ರೆಲಾ 1986ರಲ್ಲಿ ಬರೆದ ಈ ಪ್ರೋಗ್ರಾಮ್ ಟ್ರಾನ್ಸಿಶನ್ ಎಲ್ಲಿ ಆಗುತ್ತದೆ ಅಂತ ಊಹಿಸುವುದು ಆ ಸಂಖ್ಯೆಯ ಮೇಲೆ. ಬೌಂಡರಿ ಲೇಯರಿನೊಳಗೆ ಸಣ್ಣ ಅಲೆ ಬೆಳೆಯುತ್ತಾ ಹೋಗುತ್ತದೆ, ಮೂಲದ ಇ ಘಾತ 9ರಷ್ಟು ಪಟ್ಟು ಬೆಳೆದಾಗ ಲ್ಯಾಮಿನಾರ್ ಮುರಿಯಿತು ಅಂತ ಲೆಕ್ಕ. 9 ಅಂದರೆ ಟರ್ಬ್ಯುಲೆನ್ಸ್ ಶೇಕಡಾ 0.07 ಇರುವ ಒಳ್ಳೇ ಟನಲ್. ಇಲ್ಲಿನ ಯುನಿವರ್ಸಿಟಿಯ ಲ್ಯಾಮಿನಾರ್ ಟನಲ್ಲಿನಲ್ಲಿ ಅದು 0.02ರ ಆಸುಪಾಸು ಇದೆ, ಆ ಮಾತು ಬೇರೆ. ನಿಮ್ಮದು ಕಾಲೇಜು ಟನಲ್, 1 ಇದ್ದರೂ ಆಶ್ಚರ್ಯ ಇಲ್ಲ. ಟರ್ಬ್ಯುಲೆನ್ಸಿನಿಂದ ಎನ್‌ಕ್ರಿಟ್ ಲೆಕ್ಕ ಹಾಕುವ ಮ್ಯಾಕ್ ಸೂತ್ರಕ್ಕೆ ಶೇಕಡಾ 1 ಹಾಕಿದರೆ ಎನ್‌ಕ್ರಿಟ್ 2.6 ಬರುತ್ತದೆ. 9 ಇಟ್ಟಾಗಲೂ 3 ಇಟ್ಟಾಗಲೂ ಡ್ರ್ಯಾಗ್ ಗೆರೆ ಹೇಗೆ ಬದಲಾಗುತ್ತದೆ ಅಂತ ನೋಡಿ. ಅಲ್ಲಿಂದ ಕಲಿಯುವುದು ಜಾಸ್ತಿ.

ಮೂರು, ಸ್ಟಾಲ್ ಹತ್ತಿರ ಎಕ್ಸ್‌ಫಾಯಿಲನ್ನು ಪೂರ್ತಿ ನಂಬಬೇಡಿ. ಗರಿಷ್ಠ ಲಿಫ್ಟನ್ನು ಅದು ಸ್ವಲ್ಪ ಉದಾರವಾಗಿಯೇ ಹೇಳುತ್ತದೆ.

ಮೆಶ್_ಮಂಜ

ಮೂರನೇ ಮಾತಿಗೆ ನನ್ನ ವೋಟು. ಆದರೂ ಒಂದು ಸೆಕೆಂಡಿನಲ್ಲಿ ಉತ್ತರ ಕೊಡುವ ಪ್ರೋಗ್ರಾಮ್, ಎರಡು ದಿನ ತಿನ್ನುವ ಸಿಎಫ್‌ಡಿಗಿಂತ (ಫ್ಲೂಯೆಂಟಿನಂಥ, ಹರಿವಿನ ಕಂಪ್ಯೂಟರ್ ಲೆಕ್ಕ) ಹತ್ತಿರ ಹೇಳಿದ ಉದಾಹರಣೆ ನನ್ನ ಹತ್ತಿರ ಎಷ್ಟೋ ಇವೆ. ನನ್ನ ಹೊಟ್ಟೆಪಾಡೇ ಸಿಎಫ್‌ಡಿ, ಆದರೂ ಹೇಳುತ್ತಿದ್ದೇನೆ.

ರೆಕ್ಕೆ_ಹುಳ

ಇಷ್ಟೊಂದು ಉತ್ತರ ನಿರೀಕ್ಷಿಸಿರಲಿಲ್ಲ. ತುಂಬಾ ಥ್ಯಾಂಕ್ಸ್. ಇವತ್ತು ರೀಡಿಂಗ್ ಶೀಟ್ ಮತ್ತೆ ನೋಡಿದಾಗ ಒಂದು ಕಂಡಿತು. 0 ಡಿಗ್ರಿಯಲ್ಲಿ ನಮಗೆ ಲಿಫ್ಟ್ ಮೈನಸ್ 0.04 ಬಂದಿದೆ. ಗೈಡ್ "ನಾಯ್ಸ್, ಬಿಡಿ" ಅಂದಿದ್ದರು.

ಹಳೇ_ಮೇಷ್ಟ್ರು

ನಾಯ್ಸ್ ಅಲ್ಲ ತಮ್ಮಾ, ಅದು ಕಾಗದ! ರೆಕ್ಕೆ ನಿಮಗೆ ಬರೆದದ್ದು.

ಮೇಲೆ ಕೆಳಗೆ ಒಂದೇ ಆಕಾರದ ರೆಕ್ಕೆ 0 ಡಿಗ್ರಿಯಲ್ಲಿ ಲಿಫ್ಟ್ ಕೊಡಬಾರದು. ಕೊಟ್ಟರೆ ನಿಮ್ಮ 0 ನಿಜವಾದ 0 ಅಲ್ಲ. ಡಿಗ್ರಿಗೆ 0.11ರಂತೆ ಲಿಫ್ಟ್ ಏರುತ್ತದೆ ಅಂತ ಸಿದ್ಧಾಂತ ಹೇಳುತ್ತದೆ. ಆ ಲೆಕ್ಕಕ್ಕೆ ನಿಮ್ಮ ರೀಡಿಂಗ್ ಕಡಿಮೆ ತೋರಿಸುತ್ತಿರುವುದನ್ನೂ ಸೇರಿಸಿದರೆ ನೀವು ಸುಮಾರು ಅರ್ಧ ಡಿಗ್ರಿ ಕೆಳಗೆ ಮೂತಿ ಮಾಡಿ ಕೂರಿಸಿದ್ದೀರಿ. ಹಾಗಾದರೆ 6 ಅಂದುಕೊಂಡದ್ದು ಐದೂವರೆ. ಅಥವಾ ಟನಲ್ಲಿನ ಗಾಳಿಯೇ ಓರೆಯಾಗಿ ಬರುತ್ತಿರಬಹುದು. ಯಾವುದು ಅಂತ ತಿಳಿಯಬೇಕಾ? ರೆಕ್ಕೆಯನ್ನು ತಲೆಕೆಳಗು ಮಾಡಿ ಮತ್ತೆ ಅಳೆಯಿರಿ. ಎರಡರ ಸರಾಸರಿಯಲ್ಲಿ ಬಂಡವಾಳ ಬಯಲಾಗುತ್ತದೆ.

ಕುಡ್ಲದ_ಕಾಗೆ

ಪ್ರೊಟ್ರಾಕ್ಟರ್ ಇಟ್ಟು ಕಣ್ಣಂದಾಜಿನಲ್ಲಿ ಕೂರಿಸಿದರೆ ಅರ್ಧ ಡಿಗ್ರಿ ಹೋಗೋದು ಮಾಮೂಲಿ. ನಾವು ಹಿಂದಿನ ತುದಿಯ ಎತ್ತರವನ್ನು ವರ್ನಿಯರಿನಲ್ಲಿ ಅಳೆದು ಕೋನ ಲೆಕ್ಕ ಹಾಕುತ್ತಿದ್ದೆವು. 10 ಸೆಂ.ಮೀ. ಕಾರ್ಡಿಗೆ ಅರ್ಧ ಡಿಗ್ರಿ ಅಂದರೆ 0.9 ಮಿ.ಮೀ. ವರ್ನಿಯರಿಗೆ ಇದು ಬಾಳೆಹಣ್ಣು ಸುಲಿದಷ್ಟು ಸುಲಭ.

ಗದಗಿನ_ಗಾಳಿ

ನಾನು ಗಾಳಿಯಂತ್ರ ರಿಪೇರಿ ಮಾಡುವವನು. ಗದಗ, ಚಿತ್ರದುರ್ಗ ಎರಡೂ ಕಡೆ ಹತ್ತಿ ಇಳಿದಿದ್ದೇನೆ. ಟನಲ್ ಏನು ಅಂತ ನೋಡಿಲ್ಲ ರೀ, ಆದರೆ ಏರ್‌ಫಾಯಿಲಿನ ಮುಂದಿನ ಅಂಚನ್ನು ಕೈಯಿಂದ ಸವರಿ ನೋಡಿದವನು.

ಬೇಸಿಗೆ ಮುಗಿಯುವ ಹೊತ್ತಿಗೆ ಬ್ಲೇಡಿನ ಮೂತಿಯ ಮೇಲೆ ಧೂಳು, ಸತ್ತ ಹುಳು ಎಲ್ಲಾ ಸೇರಿ ಗಟ್ಟಿ ಪದರ ಕಟ್ಟಿರುತ್ತದೆ. ಉಪ್ಪಿನಕಾಗದ ಮುಟ್ಟಿದ ಹಾಗೆ. ಅದೇ ಗಾಳಿ ಇದ್ದರೂ ಕರೆಂಟು ಕಡಿಮೆ ಬರುತ್ತದೆ. ಒಂದು ಒಳ್ಳೇ ಮಳೆ ಬಿದ್ದ ಮೇಲೆ ಮತ್ತೆ ಏರುತ್ತದೆ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಬ್ಲೇಡು ಗಾಜಿನ ಹಾಗೆ ನುಣುಪು. ನಮ್ಮ ಬ್ಲೇಡು ಹಾಗಿಲ್ಲ. ಹುಡುಗನ 3ಡಿ ಪ್ರಿಂಟು ಹೇಗಿದೆ? ಗೆರೆ ಗೆರೆ ಇದ್ದರೆ ಅದೂ ಒಂದು ಲೆಕ್ಕಕ್ಕೆ ಬರಬೇಕಲ್ಲ?

ರೆಕ್ಕೆ_ಹುಳ

ಗೆರೆ ಇವೆ ಅಣ್ಣ. ಉಗುರು ಎಳೆದರೆ ಕರಕರ ಅನ್ನುತ್ತದೆ.

ಬಾಲ್ಸಾ_ಬಸು

ಪುಟ್ಟಿ ಹಚ್ಚಿ, 400 ನಂಬರಿನ ಎಮರಿ ಪೇಪರ್, ಆಮೇಲೆ ನೀರು ಹಾಕಿ 800, ಆಮೇಲೆ ಸ್ಪ್ರೇ ಪೇಂಟು. ಆದರೆ ತಮಾಷೆ ಕೇಳಿ. ನಿಮ್ಮ ವೇಗದಲ್ಲಿ ಒರಟು ಮೈ ಒಮ್ಮೊಮ್ಮೆ ಒಳ್ಳೆಯದನ್ನೇ ಮಾಡುತ್ತದೆ. ನಾವು ಗ್ಲೈಡರ್ ರೆಕ್ಕೆಯ ಮೇಲೆ ಬೇಕಂತಲೇ ಅಂಕುಡೊಂಕಿನ ಟೇಪು ಅಂಟಿಸುತ್ತೇವೆ. ಬೌಂಡರಿ ಲೇಯರನ್ನು ಎಬ್ಬಿಸಿ ಟರ್ಬ್ಯುಲೆಂಟ್ ಮಾಡಿದರೆ ಮೆಶ್ ಮಂಜಣ್ಣ ಹೇಳಿದ ಗುಳ್ಳೆ ಸಣ್ಣದಾಗುತ್ತದೆ, ಡ್ರ್ಯಾಗ್ ಇಳಿಯುತ್ತದೆ. ಗದಗಿನ ಬ್ಲೇಡಿಗೆ ಇದು ನಷ್ಟ, ನನ್ನ ಗ್ಲೈಡರಿಗೆ ಲಾಭ. ಎಲ್ಲಾ ರೆನಾಲ್ಡ್ಸ್ ನಂಬರಿನ ಆಟ.

ಹಳೇ_ಮೇಷ್ಟ್ರು

ಈ ಆಟದಲ್ಲಿ ರೈಟ್ ಸಹೋದರರೂ ಸ್ವಲ್ಪ ಜಾರಿದರು. 1901ರಲ್ಲಿ ಡೇಟನ್‌ನಲ್ಲಿ ಅವರು ಕಟ್ಟಿದ ಟನಲ್ ಬರೀ 6 ಅಡಿ ಉದ್ದ, 16 ಇಂಚು ಚೌಕ. ಬ್ಯಾಲೆನ್ಸ್ ಮಾಡಿದ್ದು ಹ್ಯಾಕ್ಸಾ ಬ್ಲೇಡು, ಸೈಕಲ್ ಕಡ್ಡಿಯಲ್ಲಿ. ಇನ್ನೂರರ ಹತ್ತಿರ ಆಕಾರ ಪರೀಕ್ಷೆ ಮಾಡಿದರು. ಅದಕ್ಕೂ ಮುಂಚೆ ಎಲ್ಲರೂ ನಂಬಿದ್ದ ಸ್ಮೀಟನ್ ಗುಣಾಂಕ (ಗಾಳಿಯ ಬಲ ಲೆಕ್ಕ ಹಾಕಲು ಬಳಸುತ್ತಿದ್ದ ಸಂಖ್ಯೆ) 0.005, ಅದು ತಪ್ಪು, 0.0033ರ ಹತ್ತಿರ ಇರಬೇಕು ಅಂತ ಅದೇ ವರ್ಷ ಕಂಡುಕೊಂಡರು. ನಮ್ಮ ಹುಡುಗನ 1.225ರ ಹಾಗೆ ಅದೂ ಪುಸ್ತಕದಿಂದ ಎತ್ತಿದ ಸಂಖ್ಯೆಯೇ!

ಆದರೆ ಅಷ್ಟು ಸಣ್ಣ ಟನಲ್ಲಿನ ಕಡಿಮೆ ರೆನಾಲ್ಡ್ಸ್ ನಂಬರಿನಲ್ಲಿ ತೆಳ್ಳಗೆ ಬಾಗಿದ ರೆಕ್ಕೆಯೇ ಒಳ್ಳೆಯದು ಅಂತ ಕಂಡಿತು. ಆ ಗುಂಗು ಬಹಳ ವರ್ಷ ಉಳಿಯಿತು. ದಪ್ಪ ರೆಕ್ಕೆ ಮೇಲು ಅಂತ ಗೊತ್ತಾಗಿದ್ದು ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನಿಯ ಗಾಟಿಂಗೆನ್‌ನ ದೊಡ್ಡ ಟನಲ್ಲಿನಲ್ಲಿ.

ನೆಕ್ಕರ್_ದಂಡೆ

ಅದಕ್ಕೇ ಅಮೆರಿಕದ ನಾಕಾದವರು (ನಾಸಾಕ್ಕೂ ಮುಂಚಿನ ವಿಮಾನ ಸಂಶೋಧನಾ ಸಂಸ್ಥೆ) 1920ರ ದಶಕದ ಶುರುವಿನಲ್ಲಿ ಟನಲ್ಲನ್ನೇ ಉಕ್ಕಿನ ತೊಟ್ಟಿಯೊಳಗೆ ಇಟ್ಟು 20 ವಾಯುಭಾರದ ತನಕ ಒತ್ತಿದರು. ಮ್ಯಾಕ್ಸ್ ಮಂಕ್ ಅವರ ಐಡಿಯಾ. ಗಾಳಿ 20 ಪಟ್ಟು ದಟ್ಟವಾದರೆ 20ನೇ ಒಂದು ಅಳತೆಯ ಮಾದರಿಯೂ ನಿಜವಾದ ವಿಮಾನದ ರೆನಾಲ್ಡ್ಸ್ ನಂಬರ್ ತೋರಿಸುತ್ತದೆ. 1933ರಲ್ಲಿ ಬಂದ 78 ಏರ್‌ಫಾಯಿಲ್‌ಗಳ ವರದಿ ಅದೇ ತೊಟ್ಟಿಯದು. ಇವರ 0012 ಆ ನಾಲ್ಕಂಕಿ ಮನೆತನದ ಕೂಸು.

ಅವರಿಗೂ ಒಂದು ಪೆಟ್ಟು ಬಿತ್ತು. ಆ ತೊಟ್ಟಿಯಲ್ಲಿ ಟರ್ಬ್ಯುಲೆನ್ಸ್ ಜಾಸ್ತಿ ಇತ್ತು. ಆಮೇಲೆ ಕಡಿಮೆ ಟರ್ಬ್ಯುಲೆನ್ಸಿನ ಬೇರೆ ಟನಲ್ ಕಟ್ಟಬೇಕಾಯಿತು.

ಸುಮ್ನೆ_ಓದೋನು

ಅಂದರೆ ಬೆಂಗಳೂರು ಬಿಟ್ಟು ತೊಟ್ಟಿಯೊಳಗೆ ಕೂರಬೇಕು.

ಅದಿರಲಿ, ಏರ್‌ಫಾಯಿಲಿಗೆ ಕನ್ನಡದಲ್ಲಿ ಏನಂತಾರೆ?

ಗದಗಿನ_ಗಾಳಿ

ನಾವು ಬ್ಲೇಡಿನ ಅಡ್ಡಕೊಯ್ತ ಅಂತೀವಿ. ಹೆಸರು ಬೇಕಂದರೆ ಇಡಿ, ಕೆಲಸ ನಡೆದಿದೆ.

ಮೆಶ್_ಮಂಜ

ಡ್ರ್ಯಾಗ್ ಯಾರೂ ಮುಟ್ಟಲಿಲ್ಲ. ನಾನು ಲೆಕ್ಕ ಹಾಕಿದೆ, ನೋಡಿ.

120 ಪಾಸ್ಕಲ್, ರೆಕ್ಕೆಯ ವಿಸ್ತೀರ್ಣ 0.029 ಚದರ ಮೀಟರ್. ಡ್ರ್ಯಾಗ್ ಕೋಎಫಿಶಿಯಂಟ್ 0.02 ಅಂದುಕೊಂಡರೆ ಬಲ 0.07 ನ್ಯೂಟನ್. ತೂಕದಲ್ಲಿ 7 ಗ್ರಾಂ. ಎರಡು ಎ4 ಹಾಳೆಯೂ ಅದಕ್ಕಿಂತ ಭಾರ.

ಈಗ ಕಡ್ಡಿ. 8 ಮಿ.ಮೀ. ದಪ್ಪ, ನೆಲದಿಂದ ರೆಕ್ಕೆಯ ತನಕ 14 ಸೆಂ.ಮೀ. ಗಾಳಿಗೆ ಸಿಕ್ಕಿದೆ ಅಂದುಕೊಳ್ಳೋಣ. ಗುಂಡನೆಯ ಕಡ್ಡಿಯ ಡ್ರ್ಯಾಗ್ ಕೋಎಫಿಶಿಯಂಟ್ 1ಕ್ಕಿಂತ ಸ್ವಲ್ಪ ಜಾಸ್ತಿ. ಬಂತು 14 ಗ್ರಾಂ. ರೆಕ್ಕೆಗಿಂತ ರೆಕ್ಕೆ ಹಿಡಿದ ಕಡ್ಡಿಯ ಡ್ರ್ಯಾಗ್ ಎರಡರಷ್ಟು! ನೀವು ಅಳೆದದ್ದು ಏರ್‌ಫಾಯಿಲನ್ನಲ್ಲ, ಕಡ್ಡಿಯನ್ನು.

ಕುಡ್ಲದ_ಕಾಗೆ

ಮದುಮಗನಿಗಿಂತ ಛತ್ರಿ ಹಿಡಿದವನ ತೂಕ ಜಾಸ್ತಿ.

ಬಾಲ್ಸಾ_ಬಸು

ಬರೀ ಕಡ್ಡಿ ಇಟ್ಟು ಅಳೆದು ಕಳೆಯಬಹುದು.

ಮೆಶ್_ಮಂಜ

ಕಳೆಯಬಹುದು, ಆದರೆ ಪೂರ್ತಿ ಸರಿಹೋಗಲ್ಲ. ರೆಕ್ಕೆ ಇದ್ದಾಗ ಕಡ್ಡಿಗೆ ತಾಗುವ ಗಾಳಿ ಬೇರೆ, ಇಲ್ಲದಾಗ ಬೇರೆ. ಕಡ್ಡಿಯ ಸುತ್ತ ಹನಿಯಾಕಾರದ ಒಂದು ಕವಚವನ್ನು ನೆಲಕ್ಕೆ ಕಚ್ಚಿಸಿ ನಿಲ್ಲಿಸಿ, ಕಡ್ಡಿಗೆ ತಾಗದ ಹಾಗೆ. ಆಗ ಗಾಳಿಯ ಪೆಟ್ಟು ಕವಚ ತಿನ್ನುತ್ತದೆ, ಲೋಡ್ ಸೆಲ್ಲಿಗೆ ಬರುವುದಿಲ್ಲ.

ಹಳೇ_ಮೇಷ್ಟ್ರು

ಅಥವಾ ಡ್ರ್ಯಾಗನ್ನು ತೂಗುವ ಉಸಾಬರಿಯೇ ಬೇಡ. ರೆಕ್ಕೆಯ ಹಿಂದೆ ಒಂದು ಕಾರ್ಡ್ ದೂರದಲ್ಲಿ ಇಂಜೆಕ್ಷನ್ ಸೂಜಿಗಳನ್ನು ಬಾಚಣಿಗೆಯ ಹಾಗೆ ಸಾಲಾಗಿ ನಿಲ್ಲಿಸಿ, ಗಾಳಿ ಎಷ್ಟು ವೇಗ ಕಳೆದುಕೊಂಡಿದೆ ಅಂತ ಅಳೆಯಿರಿ. ಕಳೆದ ಮೊಮೆಂಟಮ್ಮೇ ಡ್ರ್ಯಾಗ್. ಕಡ್ಡಿಯಿಂದ ದೂರ, ಪಕ್ಕಕ್ಕೆ ಇಟ್ಟರೆ ಅದರ ಕಾಟವೂ ಇಲ್ಲ. ಸೂಜಿಯ ಚೂಪು ತುದಿ ಮೊದಲು ಉಜ್ಜಿ ಚಪ್ಪಟೆ ಮಾಡಿಕೊಳ್ಳಿ. ನನ್ನ ಬೆರಳಿಗೆ ಎಷ್ಟು ಸಲ ಚುಚ್ಚಿದೆಯೋ ಲೆಕ್ಕ ಇಟ್ಟಿಲ್ಲ.

ಗುಳ್ಳೆ ಕಣ್ಣಾರೆ ನೋಡಬೇಕಾದರೆ ರೆಕ್ಕೆಗೆ ಕಪ್ಪು ಬಣ್ಣ ಬಳಿದು, ಸೀಮೆಎಣ್ಣೆಗೆ ಸ್ವಲ್ಪ ಇಂಜಿನ್ ಆಯಿಲ್, ಸೀಮೆಸುಣ್ಣದ ನುಣ್ಣನೆ ಪುಡಿ ಕಲಸಿ ತೆಳ್ಳಗೆ ಹಚ್ಚಿ. ರಂಗೋಲಿ ಪುಡಿ ಬೇಡ, ತರಿ ಜಾಸ್ತಿ. ಫ್ಯಾನ್ ಹಾಕಿ ಕಾಯಿರಿ. ಗಾಳಿ ಮೈ ಬಿಟ್ಟ ಜಾಗದಲ್ಲಿ ಎಣ್ಣೆ ಗೆರೆಯಾಗಿ ನಿಂತುಬಿಡುತ್ತದೆ, ಅದರ ಹಿಂದೆ ಮತ್ತೆ ಅಂಟಿದ ಜಾಗ ಗುಡಿಸಿದ ಹಾಗೆ ಕಾಣುತ್ತದೆ. ಇಂಥ ಟ್ರಾನ್ಸಿಶನ್ ಒಂದು ಗೆರೆಯಲ್ಲಿ ಥಟ್ಟನೆ ಆಗುವುದಿಲ್ಲ, ಒಂದಷ್ಟು ಜಾಗದಲ್ಲಿ ಸ್ವಲ್ಪ ಹೊತ್ತು ಹೀಗೆ ಸ್ವಲ್ಪ ಹೊತ್ತು ಹಾಗೆ ಇರುತ್ತದೆ ಅನ್ನುವುದನ್ನು ಲೆಕ್ಕಕ್ಕೆ ತಂದವರು ನಮ್ಮ ರೊದ್ದಂ ನರಸಿಂಹ. ಧವನ್ ಅವರ ಶಿಷ್ಯರು. 1958ರಲ್ಲಿ ಇಬ್ಬರೂ ಸೇರಿ ಬರೆದ ಪ್ರಬಂಧದ ಕೆಲಸ ಆಗಿದ್ದು ನಿಮ್ಮ ಬೆಂಗಳೂರಿನಲ್ಲೇ.

ಪಾಳ್ಯದ_ಪಿಜಿ

ಊದುಬತ್ತಿ ಹೊಗೆ ಬಿಟ್ಟರೆ ಕಾಣಲ್ವಾ? ವಿಡಿಯೊ ಚೆನ್ನಾಗಿ ಬರುತ್ತೆ.

ಬಾಲ್ಸಾ_ಬಸು

15 ಮೀ/ಸೆ ವೇಗದಲ್ಲಿ ಹೊಗೆ ಚದುರಿ ಹೋಗುತ್ತದೆ. 1 ಅಥವಾ 2 ಮೀ/ಸೆ ಇಟ್ಟರೆ ಚೆನ್ನಾಗಿ ಕಾಣುತ್ತದೆ, ಆದರೆ ಆಗ ರೆನಾಲ್ಡ್ಸ್ ನಂಬರ್ ಬೇರೆ, ಕಥೆಯೂ ಬೇರೆ. ಅದರ ಬದಲು ರೆಕ್ಕೆಯ ಮೇಲೆ ಸಣ್ಣ ಸಣ್ಣ ದಾರ ಅಂಟಿಸಿ. ಸ್ಟಾಲ್ ಆದಾಗ ದಾರಗಳು ಹಿಂದುಮುಂದಾಗಿ ಕುಣಿಯೋದು ನೋಡಲು ಮಜಾ.

ರೆಕ್ಕೆ_ಹುಳ

ಹತ್ತು ದಿನ ಬಿಟ್ಟು ಬರುತ್ತಿದ್ದೇನೆ. ಮಾಡಿದ್ದು ಇಷ್ಟು.

ತುದಿಗೆ ಪ್ರಿಂಟ್ ಮಾಡಿದ ತುಂಡು ಅಂಟಿಸಿದೆವು, ಸಂದು ಈಗ 1 ಮಿ.ಮೀ.ಗಿಂತ ಕಡಿಮೆ. ಪಿಟೋ ಹಾಕಿ ಇಳಿಜಾರು ಪೈಪಿನಲ್ಲಿ ಓದಿದೆವು. ಗಾರೆ ಮೇಸ್ತ್ರಿ ಹತ್ತಿರ ಪೈಪು ಕೇಳಿದಾಗ ಯಾಕೆ ಅಂತ ಕೇಳಿದರು, ವಿಮಾನಕ್ಕೆ ಅಂದೆ, ದುಡ್ಡು ತಗೊಳ್ಳಲಿಲ್ಲ. ಎರಡು ತಿದ್ದಿದ ಮೇಲೆ 6 ಡಿಗ್ರಿಯಲ್ಲಿ 0.55. ರೆಕ್ಕೆ ತಿರುವಿ ನೋಡಿದಾಗ ಗಾಳಿ ನೇರವಾಗಿಯೇ ಇತ್ತು, ಕೂರಿಸಿದ್ದೇ ಓರೆ, ಅರ್ಧ ಡಿಗ್ರಿ. ಅದನ್ನು ಸರಿ ಮಾಡಿದ ಮೇಲೆ 0.60.

ಎಕ್ಸ್‌ಫಾಯಿಲಿನಲ್ಲಿ ರೆನಾಲ್ಡ್ಸ್ 87 ಸಾವಿರ, ಎನ್‌ಕ್ರಿಟ್ 3 ಇಟ್ಟೆವು. ಡ್ರ್ಯಾಗ್ ಗೆರೆ 9ರದ್ದಕ್ಕಿಂತ ಬೇರೆಯೇ ಇದೆ. ಫ್ಲೂಯೆಂಟನ್ನು 10 ಸೆಂ.ಮೀ. ಕಾರ್ಡಿಗೆ ಇಳಿಸಿ ಮತ್ತೆ ಓಡಿಸಲು ಲ್ಯಾಬಿನ ಕಂಪ್ಯೂಟರ್ ಸಿಗಬೇಕು.

ಎಣ್ಣೆ ಹಚ್ಚಿ ನೋಡಿದೆವು. 6 ಡಿಗ್ರಿಯಲ್ಲಿ ಮೂತಿಯ ಹತ್ತಿರ ಬಿಳೀ ಗೆರೆ, ಅದರ ಹಿಂದೆ ಒಂದು ಬೆರಳಗಲ ಎಣ್ಣೆ ಅಲುಗಾಡದೆ ನಿಂತಿತ್ತು. ಅದೇ ಗುಳ್ಳೆ ಅಲ್ವಾ ಮೇಷ್ಟ್ರೇ? ಗೈಡ್ ಕೂಡ ಬಂದು ನೋಡಿದರು. ಫ್ಯಾಕ್ಟರ್ ಮಾತು ಮತ್ತೆ ಎತ್ತಲಿಲ್ಲ. ಲ್ಯಾಬ್ ತುಂಬಾ ಸೀಮೆಎಣ್ಣೆ ವಾಸನೆ ಅಂತ ಮಾತ್ರ ಬೈದರು.

ಹಳೇ_ಮೇಷ್ಟ್ರು

ಅದೇ! ಫೋಟೊ ತೆಗೆದಿಟ್ಟುಕೊಳ್ಳಿ. 0.60 ಒಳ್ಳೇ ಸಂಖ್ಯೆ. ಅದನ್ನು 0.65 ಮಾಡಲು ಹೋಗಬೇಡಿ.

ನೆಕ್ಕರ್_ದಂಡೆ

ಗೋಡೆಯ ಶೇಕಡಾ 3 ಕಳೆದು 0.58 ಅಂತ ಬರೆಯಿರಿ. ವೈವಾದಲ್ಲಿ ಯಾಕೆ ಇಳಿಸಿದೆ ಅಂತ ಕೇಳಿಯೇ ಕೇಳುತ್ತಾರೆ, ಉತ್ತರ ನಿಮ್ಮ ಕೈಯಲ್ಲಿದೆ.

ಮೆಶ್_ಮಂಜ

ಡ್ರ್ಯಾಗ್?

ರೆಕ್ಕೆ_ಹುಳ

ಕಡ್ಡಿಗೆ ಕವಚ ಹಾಕಿದ ಮೇಲೆ 10 ಗ್ರಾಂ ಬರುತ್ತಿದೆ. 7 ಬರಬೇಕಿತ್ತು. ಆ 3 ಗ್ರಾಂ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುತ್ತಿಲ್ಲ.

ಹಳೇ_ಮೇಷ್ಟ್ರು

ಫ್ಯಾನ್ ಆರಿಸಿ ಗಾಳಿ ಪೂರ್ತಿ ನಿಂತ ಮೇಲೆ ಲೋಡ್ ಸೆಲ್ ಎಷ್ಟು ತೋರಿಸುತ್ತದೆ?

ರೆಕ್ಕೆ_ಹುಳ

ಒಂದು ನಿಮಿಷ, ಲ್ಯಾಬಿನಲ್ಲೇ ಇದ್ದೇನೆ.

...3 ಗ್ರಾಂ.

ಕುಡ್ಲದ_ಕಾಗೆ

🙏🙏

ಹಳೇ_ಮೇಷ್ಟ್ರು

ಲೋಡ್ ಸೆಲ್ ಬಿಸಿಯಾಗಿ ಸೊನ್ನೆ ಜಾರಿದೆ. ಆನ್ ಮಾಡಿ ಅರ್ಧ ಗಂಟೆ ಸುಮ್ನೆ ಬಿಡಿ, ಟೀ ಕುಡಿದು ಬನ್ನಿ. ಪ್ರತಿ ರೀಡಿಂಗಿಗೂ ಮೊದಲೊಂದು ಸೊನ್ನೆ, ಆಮೇಲೊಂದು ಸೊನ್ನೆ ಬರೆದುಕೊಳ್ಳಿ. ಇವತ್ತಿನ ಶೀಟ್ ಹರಿಯಬೇಡಿ, ಹಿಂದೆ ಮುಂದೆ ನೋಡಿದರೆ ಎಲ್ಲಿಂದ ಜಾರಲು ಶುರುವಾಯಿತು ಅಂತ ಸಿಗುತ್ತದೆ.

ರೆಕ್ಕೆ_ಹುಳ

ಸರಿ ಮೇಷ್ಟ್ರೇ. ಕ್ಯಾಂಟೀನ್ ಮುಚ್ಚೋಕೆ ಇನ್ನೂ ಇಪ್ಪತ್ತು ನಿಮಿಷ ಇದೆ.